ಐದು ಬಿಟ್‌ನ ಬೋದೋ

ಲ್ಯಾಬ್‌ನಲ್ಲಿ 9600 ಬಾಡ್ ಅಂತ ಸೆಟ್ ಮಾಡ್ತೀವಲ್ಲ, ಆ ಬಾಡ್ ಬಂದಿದ್ದು ಒಬ್ಬ ಮನುಷ್ಯನ ಹೆಸರಿಂದ. ಎಮಿಲ್ ಬೋದೋ. 1845ರಲ್ಲಿ ಫ್ರಾನ್ಸ್‌ನ ಮಾನ್ಯೋ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ ಹುಟ್ಟಿದ. ಓದಿದ್ದು ಪ್ರೈಮರಿ ಶಾಲೆ ಮಾತ್ರ, ಆಮೇಲೆ ಅಪ್ಪನ ಹೊಲದಲ್ಲಿ ಕೆಲಸ. ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ (ಬ್ಯಾಕ್‌ಲಾಗ್ ಇರೋರಿಗೆ ಸಮಾಧಾನ!). 1869ರಲ್ಲಿ ಟೆಲಿಗ್ರಾಫ್ ಇಲಾಖೆ ಸೇರಿದ.

ಮೋರ್ಸ್ ಕೋಡ್‌ನಲ್ಲಿ 'ಇ'ಗೆ ಒಂದೇ ಚುಕ್ಕೆ, 'ಕ್ಯೂ'ಗೆ ನಾಲ್ಕು ಗುರುತು. ಅಕ್ಷರಗಳ ಅಳತೆ ಹೀಗೆ ಬೇರೆಬೇರೆ ಆದ್ರೆ ಒಂದೇ ತಂತಿಯನ್ನು ನಾಲ್ಕೈದು ಜನ ಸರದಿ ಮೇಲೆ ಹಂಚಿಕೊಳ್ಳೋದು ಕಷ್ಟ. ಬೋದೋ ತನ್ನ ಬಿಡುವಿನ ಹೊತ್ತಲ್ಲಿ ಕೂತು ದಾರಿ ಹುಡುಕಿದ: ಯಾವ ಅಕ್ಷರವಾದರೂ ಐದೇ ಬಿಟ್. 1874ರಲ್ಲಿ ಪೇಟೆಂಟ್ ಸಿಕ್ಕಿತು.

ಆದರೆ ಐದು ಬಿಟ್ ಅಂದ್ರೆ 32 ಜಾಗ. 26 ಅಕ್ಷರ, 10 ಅಂಕಿ ಸೇರಿದರೆ 36, ಆಗಲೇ ಓವರ್‌ಫ್ಲೋ! ಆರನೇ ಬಿಟ್ ಸೇರಿಸಿದರೆ ಎಲ್ಲಾ ಅಕ್ಷರಗಳೂ ನಿಧಾನ. ಅದಕ್ಕೆ ಅವನು ಶಿಫ್ಟ್ ಸಂಕೇತ ಇಟ್ಟ. ಅದು ಬಂದ ಮೇಲೆ ಅವೇ ಕೋಡ್‌ಗಳನ್ನು ಅಂಕಿಗಳು ಅಂತ ಓದಬೇಕು. ನಾಗಮಂಗಲ ಅಂತ ಇಂಗ್ಲಿಷ್‌ನಲ್ಲಿ ಕಳಿಸೋಕೆ 11 ಅಕ್ಷರ, ಒಂದು ಶಿಫ್ಟ್, ಪಿನ್ 571432ಕ್ಕೆ ಆರು: ಒಟ್ಟು 18 ಕೋಡ್, 90 ಬಿಟ್. ಆ ಒಂದು ಶಿಫ್ಟ್ ದಾರಿಯಲ್ಲಿ ಕಳೆದುಹೋದರೆ? ಮುಂದೆ ಟೆಲಿಪ್ರಿಂಟರ್‌ಗೆ ಬಂದ ಇದೇ ವಂಶದ ಕೋಡ್‌ನಲ್ಲಿ ಆ ಪಿನ್ 'ಟಿ ಯು ಕ್ಯೂ ಆರ್ ಇ ಡಬ್ಲ್ಯೂ' ಅಂತ ಅಚ್ಚಾಗುತ್ತೆ. ನಾಗಮಂಗಲದ ಪೋಸ್ಟ್‌ಮ್ಯಾನ್‌ಗೂ ಅರ್ಥ ಆಗಲ್ಲ.

ನಮ್ಮ ಲಿನಕ್ಸ್‌ನಲ್ಲೂ ಇದೇ ಗೋಳು ನಡೆದಿದೆ. ಟರ್ಮಿನಲ್‌ಗಳ ವಿವರವನ್ನು ಕಂಪೈಲ್ ಮಾಡಿಡುವ ಟರ್ಮ್‌ಇನ್ಫೋ ಫೈಲ್ ಹಳೇ ಫಾರ್ಮ್ಯಾಟ್‌ನಲ್ಲಿ 4096 ಬೈಟ್ ದಾಟುವಂತಿರಲಿಲ್ಲ. ಒಂದು ಸಂಖ್ಯೆಗೆ 16 ಬಿಟ್, ಗರಿಷ್ಠ 32767. 256 ಬಣ್ಣದ ಟರ್ಮಿನಲ್‌ನಲ್ಲಿ ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ಜೋಡಿಗಳೇ 65536! 2018ರಲ್ಲಿ ಎನ್‌ಕರ್ಸಸ್ 6.1 ಸಂಖ್ಯೆಗಳಿಗೆ 32 ಬಿಟ್ ಕೊಟ್ಟಿತು. ಫೈಲ್ ಶುರುವಲ್ಲಿ ಬೇರೆ ಮ್ಯಾಜಿಕ್ ನಂಬರ್ ಕಂಡರೆ ಮುಂದಿನದನ್ನು ಬೇರೆ ಥರ ಓದಬೇಕು, ಬೋದೋನ ಶಿಫ್ಟ್ ಥರಾನೇ. ಅಂದಹಾಗೆ, ಆ ಫೈಲ್‌ನೊಳಗೆ ಬಾಡ್ ರೇಟ್‌ಗೂ ಒಂದು ಜಾಗ ಇದೆ.

ಬೋದೋನ ಮಿತಿಯ ನಿಜವಾದ ಬೆಲೆ ಕಟ್ಟಿದ್ದು ಆಪರೇಟರ್‌ಗಳು. ಎಡಗೈಗೆ ಎರಡು, ಬಲಗೈಗೆ ಮೂರು, ಪಿಯಾನೋ ಥರ ಐದು ಕೀ. ತಿರುಗುವ ಡಿಸ್ಟ್ರಿಬ್ಯೂಟರ್ ಒಬ್ಬೊಬ್ಬರಿಗೂ ಸರದಿ ಕೊಡುತ್ತಿತ್ತು. ಟಿಕ್ ಅಂದ ತಕ್ಷಣ ಒತ್ತಬೇಕು, ನಿಮಿಷಕ್ಕೆ ಸುಮಾರು 30 ಪದ. ತಾಳ ತಪ್ಪಿತೋ, ಅಕ್ಷರ ಹೋಯ್ತು.

1877ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಇವನ ಯಂತ್ರ ಕೆಲಸ ಶುರು ಮಾಡಿತು. ಮರುವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ. 1903ರಲ್ಲಿ ತೀರಿಕೊಂಡ. ವೇಗದ ಅಳತೆಗೆ ಬಾಡ್ ಅಂತ ಹೆಸರಿಟ್ಟಿದ್ದು 1920ರ ದಶಕದಲ್ಲಿ.