ಇಂಗ್ಲಿಷಿನ ಗಂಟು ಬಿಡಿಸಿಕೊಟ್ಟ ‘ಶ್ರೀ’

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಮಿತ್ರರು ಕೇಳಿದಾಗ, ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರೇ ನೆನಪಿಗೆ ಬಂದರು. ಅದಕ್ಕೆ ಕಾರಣ ನಾನು ಕಾಲೇಜಿನಲ್ಲಿ ಪಟ್ಟ ಒಂದು ಅವಮಾನ.

ನಮ್ಮ ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತು, ತಾಂಡೂರಿನಿಂದ ಹೈದರಾಬಾದಿಗೆ ಓದಲು ಹೋದ ವರ್ಷವದು. ಕ್ಯಾಂಬೆಲ್ ಕವಿಯ ‘ಲಾರ್ಡ್ ಉಲ್ಲಿನ್ಸ್ ಡಾಟರ್’ ಪಾಠಕ್ಕಿತ್ತು. ಮೊದಲ ಸಾಲಿನಲ್ಲಿ ಮುಂದೆ ಒಬ್ಬ ನಾಯಕ, ಅವನ ಹಿಂದೆ ಹೈಲ್ಯಾಂಡ್ಸ್ ಎಂಬ ಮಲೆಸೀಮೆ, ಕಟ್ಟಕಡೆಗೆ ‘ಬೌಂಡ್’ ಎಂಬ ಶಬ್ದ. ಬೌಂಡ್ ಎಂದರೆ ಕಟ್ಟಿದ ಎಂದು ಬಾಯಿಪಾಠ ಮಾಡಿದ್ದ ನಾನು, ಬೆಟ್ಟಕ್ಕೆ ಕಟ್ಟಿಹಾಕಿದ ನಾಯಕನೆಂದು ಅರ್ಥ ಹೇಳಿದೆ. ತರಗತಿಯೆಲ್ಲ ನಕ್ಕಿತು. ಓದು ಬಿಟ್ಟು ಊರಿಗೆ ಮರಳುವ ಯೋಚನೆಯೂ ಬಂದಿತ್ತು.

ಆ ರಾತ್ರಿ ಶಾಲೆಯಲ್ಲಿ ಕಲಿತಿದ್ದ ‘ಕಾರಿಹೆಗ್ಗಡೆಯ ಮಗಳು’ ಪದ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಅದು ಇದೇ ಕಥೆ! ಶ್ರೀಯವರು ಸ್ಕಾಟ್ಲೆಂಡಿನ ನಾಯಕನನ್ನು ಪಡುವಣ ದಿಬ್ಬದ ಗೌಡನನ್ನಾಗಿ ಮಾಡಿದ್ದಾರೆ. ಕನ್ನಡದ ಜಾಯಮಾನದಂತೆ ಸ್ಥಳ ಮುಂದೆ, ಮನುಷ್ಯ ಹಿಂದೆ. ಇಂಗ್ಲಿಷು ಮನುಷ್ಯನನ್ನು ಮೊದಲು ನಿಲ್ಲಿಸಿ, ಅವನ ವಿವರಗಳನ್ನು ಬಾಲದಂತೆ ಎಳೆದು ತರುತ್ತದೆ. ನಾವು ವಿವರವನ್ನೆಲ್ಲ ಹೇಳಿ ಮುಗಿಸಿ ಮನುಷ್ಯನನ್ನು ಕರೆಯುತ್ತೇವೆ. ಆಗ ಹೊಳೆಯಿತು: ಅವನು ಬೆಟ್ಟಕ್ಕೆ ಕಟ್ಟಿಹಾಕಿಸಿಕೊಂಡವನಲ್ಲ, ಮಲೆಸೀಮೆಗೆ ಹೊರಟವನು. ಅಂದಿನಿಂದ ಎಷ್ಟೇ ಉದ್ದದ ವಾಕ್ಯವಾಗಲಿ, ಬಾಲದ ಕಡೆಯಿಂದ ಬಿಡಿಸತೊಡಗಿದೆ.

ಶ್ರೀಯವರು ಜನಿಸಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮದರಾಸಿನಲ್ಲಿ ಎಂ.ಎ. ಮುಗಿಸಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಇಂಗ್ಲಿಷ್ ಕಲಿಸುವುದು ಅವರ ವೃತ್ತಿ, ಕನ್ನಡ ಅವರ ವ್ರತ. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲಿ ಧಾರವಾಡದಲ್ಲಿ ಮಾತನಾಡಿದಾಗ ಅವರಿಗಿನ್ನೂ 27 ವರ್ಷ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಆದಿಪ್ರಾಸದ ಹಳೆಯ ಕಟ್ಟನ್ನು ಸಡಿಲಿಸಿ ಹೊಸ ಛಂದಸ್ಸಿನ ಮಟ್ಟುಗಳನ್ನು ತಂದರು. ಗ್ರೀಕ್ ನಾಟಕಗಳನ್ನೂ ಕನ್ನಡಕ್ಕೆ ಒಗ್ಗಿಸಿದರು.

ನಮಗೆ ಹೆಮ್ಮೆಯ ಇನ್ನೊಂದು ಸಂಗತಿಯಿದೆ. 1928ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ಗೆರೆ ಎಳೆದಾಗ ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಅದನ್ನು ನೋಡಲು ಶ್ರೀಯವರಿರಲಿಲ್ಲ. 1946ರಲ್ಲಿ ಧಾರವಾಡದಲ್ಲಿ ತೀರಿಕೊಂಡಿದ್ದರು.

ಈಚೆಗೆ ಮೊಮ್ಮಗಳು, ‘ಗಿವ್ ಅಪ್’ ಎಂದರೆ ಮೇಲಕ್ಕೆ ಕೊಡುವುದೇ, ತಾತ, ಎಂದು ಕೇಳಿದಳು. ‘ಕೈಕೊಟ್ಟ’ ಎಂದರೆ ಕೈಯನ್ನು ಕೊಡುವುದೇನಮ್ಮ, ಎಂದು ನಾನೇ ಮರಳಿ ಕೇಳಿದೆ. ಕೊಂಚ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕಳು.