ಶೋಳವರದಲ್ಲಿ ಮುಗಿದ ಬಾಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತ ನನಗೆ ಮಲಯಾಳದ ನಟ ಜಯನ್ ಅಂದ್ರೆ ಮೊದಲು ಬರೀ ಒಂದು ಸ್ವರ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಯಾರಾದರೊಬ್ಬ ಎದೆಯುಬ್ಬಿಸಿ, ಗಂಟಲು ದಪ್ಪ ಮಾಡಿ ಅವರಂತೆ ಮಾತಾಡುತ್ತಿದ್ದ, ನಾವೆಲ್ಲ ನಗುತ್ತಿದ್ದೆವು. ಈಗ ಬಿ.ಕಾಂ. ಓದಲು ಚೆನ್ನೈಗೆ ಬಂದು ಶೋಳಿಂಗನಲ್ಲೂರಿನಲ್ಲಿದ್ದೇನೆ. ಇದೇ ನಗರದ ಇನ್ನೊಂದು ತುದಿಯಲ್ಲಿ, ಉತ್ತರದ ಕಲ್ಕತ್ತಾ ರಸ್ತೆಯ ಕಡೆಗೆ, ಶೋಳವರ ಅಂತ ಒಂದು ಊರಿದೆ. ಜಯನ್ ಬಾಳು ಮುಗಿದದ್ದು ಅಲ್ಲಿ. ನಾವು ನಕ್ಕ ಆ ಸ್ವರದ ಹಿಂದೆ ಒಬ್ಬ ಸಿಪಾಯಿ ಇದ್ದ ಎಂಬುದನ್ನು ಸ್ನೇಹಿತರಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅವರ ನಿಜವಾದ ಹೆಸರು ಕೃಷ್ಣನ್ ನಾಯರ್. 1939ರ ಜುಲೈ 25ರಂದು ಕೊಲ್ಲಂನಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲೇ ಭಾರತೀಯ ನೌಕಾಪಡೆಗೆ ಸೇರಿ, ಸುಮಾರು ಹದಿನೈದು ವರ್ಷ ದುಡಿದು, ಪೆಟಿ ಆಫೀಸರ್ ಸಾಲಿನ ಹುದ್ದೆಗೆ ಏರಿದರು. 1965ರ ಯುದ್ಧ ನಡೆದದ್ದು ಅವರು ಸಮವಸ್ತ್ರ ತೊಟ್ಟಿದ್ದ ವರ್ಷಗಳಲ್ಲೇ. 1971ರ ಡಿಸೆಂಬರ್ 9ರ ರಾತ್ರಿ ನಮ್ಮ ಖುಕ್ರಿ ಹಡಗು ಶತ್ರುವಿನ ಜಲಾಂತರ್ಗಾಮಿಯ ಏಟಿಗೆ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಸತ್ತರು. ನಾವಿಕನ ಕೆಲಸ ಎಂಥದ್ದು ಅಂತ ತಿಳಿಯೋದಕ್ಕೆ ಇದೊಂದೇ ಸಾಕು.

ಆಮೇಲೆ ಸಿನಿಮಾ. 1974ರ ‘ಶಾಪಮೋಕ್ಷಂ’ ಚಿತ್ರದ ಹೊತ್ತಿಗೆ ಅವರಿಗೆ ಜಯನ್ ಎಂದು ಹೆಸರಿಟ್ಟವರು ನಟ ಜೋಸ್ ಪ್ರಕಾಶ್. ಅವರೂ ಹಿಂದೆ ಸೈನ್ಯದಲ್ಲಿದ್ದವರೇ. ಮೊದಲು ಸಿಕ್ಕಿದ್ದು ಸಣ್ಣ ಪಾತ್ರಗಳು, ಖಳನ ಪಾತ್ರಗಳು. 1979ರ ‘ಶರಪಂಜರಂ’ ಅವರನ್ನು ಮೇಲೆತ್ತಿತು. 1980ರ ‘ಅಂಗಾಡಿ’ಯಲ್ಲಿ ಹೊರೆ ಹೊರುವ ಕೂಲಿಯಾಗಿ ಜನರ ಮನೆಮಾತಾದರು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಮೇಲೆ ಚಿತ್ರಗಳು! ಕುದುರೆ ಸವಾರಿ, ಹೊಡೆದಾಟ, ಜಿಗಿತ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಬದಲಿ ಆಳು ಬೇಡ ಅನ್ನೋದು ಅವರ ಹಟ.

ಆ ಕಾಲಕ್ಕೆ ಕನ್ನಡದಂತೆ ಮಲಯಾಳದ ಚಿತ್ರಗಳೂ ಹೆಚ್ಚಾಗಿ ಮದ್ರಾಸಿನಲ್ಲೇ ತಯಾರಾಗುತ್ತಿದ್ದವು. ಶೋಳವರದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನಪಟ್ಟಿ ಇತ್ತು. ವಿಮಾನಗಳು ಹೋದ ಮೇಲೆ ಅಲ್ಲಿ ಕಾರಿನ ಪಂದ್ಯ ನಡೆಯುತ್ತಿತ್ತು, ಶೂಟಿಂಗೂ ನಡೆಯುತ್ತಿತ್ತು. 1980ರ ನವೆಂಬರ್ 16ರಂದು ‘ಕೋಳಿಳಕ್ಕಂ’ ಚಿತ್ರದ ಕೊನೆಯ ಹೋರಾಟವನ್ನು ಅಲ್ಲಿ ತೆಗೆಯುತ್ತಿದ್ದರು. ನಟ ಸುಕುಮಾರನ್ ಓಡಿಸುವ ಬೈಕಿನ ಹಿಂದೆ ನಿಂತು, ಜಯನ್ ಹಾರುತ್ತಿರುವ ಹೆಲಿಕಾಪ್ಟರಿನ ಕೆಳಗಿನ ಕಂಬಿ ಹಿಡಿದು ನೇತಾಡಬೇಕು. ಒಳಗಿರುವ ಖಳನಟ ಬಾಲನ್ ಕೆ. ನಾಯರ್ ಜತೆ ಕಾದಾಡಬೇಕು. ಶಾಟ್ ಓಕೆ ಆಗಿತ್ತು. ತೃಪ್ತಿಯಾಗದೆ ಇನ್ನೊಮ್ಮೆ ತೆಗೆಯೋಣ ಅಂದವರು ಜಯನ್ ಅವರೇ ಎಂದು ಜತೆಗಿದ್ದವರು ಹೇಳಿದ್ದಾರೆ. ಆ ಸಲ ಹೆಲಿಕಾಪ್ಟರ್ ಸಮತೋಲ ತಪ್ಪಿ ನೆಲಕ್ಕೆ ಬಡಿಯಿತು. ಒಳಗಿದ್ದವರು ಬದುಕಿಕೊಂಡರು. ನೇತಾಡುತ್ತಿದ್ದವರು ಉಳಿಯಲಿಲ್ಲ. ಆಗ ಅವರಿಗೆ 41 ವರ್ಷ, ಮದುವೆಯೂ ಆಗಿರಲಿಲ್ಲ. 1981ರಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ಕೇಳುವ ಅವರ ಮಾತು ಕೂಡ ಅವರದಲ್ಲ. ಅನುಕರಣ ಕಲಾವಿದ ಆಲಪ್ಪಿ ಅಶ್ರಫ್ ಕೊಟ್ಟ ಸ್ವರ.

ಲೆಕ್ಕಪತ್ರ ಓದುವವನಾದ್ದರಿಂದ ನನ್ನ ತಲೆ ಲಾಭನಷ್ಟದ ಕಡೆಗೇ ಹೋಗುತ್ತದೆ. ಯುದ್ಧಕಾಲವನ್ನೂ ನೌಕಾಪಡೆಯಲ್ಲಿ ಕಳೆದು ಸುರಕ್ಷಿತವಾಗಿ ಮರಳಿದ ಮನುಷ್ಯ, ಆಗಲೇ ಓಕೆಯಾದ ಒಂದು ಶಾಟಿಗಾಗಿ ಹೋಗಿಬಿಟ್ಟರು. ಪಡೆಯಲ್ಲಿ ಧೈರ್ಯಕ್ಕೆ ಕಟ್ಟುಪಾಡು ಉಂಟು. ಮೇಲಿನವನು ನಿಲ್ಲು ಅಂದರೆ ನಿಲ್ಲಲೇಬೇಕು. ಸಿನಿಮಾದಲ್ಲಿ ನಾಯಕನಿಗಿಂತ ಮೇಲಿನವನು ಯಾರು? ಅವರು ಇನ್ನೊಮ್ಮೆ ಅಂದಾಗ ಸಾಕು ಮಾರಾಯ್ರೇ ಅಂತ ತಡೆಯುವ ಅಧಿಕಾರ ಅಲ್ಲಿ ಒಬ್ಬರಿಗಾದರೂ ಇರಬೇಕಿತ್ತು.

ಜಯನ್ ಧೈರ್ಯವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದಿಗೂ ಅವರ ಸಾವನ್ನೇ ಒಂದು ಸಾಹಸ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಹೊಗಳಲು ಮನಸ್ಸಾಗದು. ಅವರು ಇನ್ನಷ್ಟು ವರ್ಷ ಬದುಕಿ, ಮುದುಕನ ಪಾತ್ರಗಳನ್ನೂ ಮಾಡಬೇಕಿತ್ತು.