ಪಾದರಸದ ಚಕ್ರ ಮತ್ತು 61ರ ಲೆಕ್ಕ: ಭಾಸ್ಕರಾಚಾರ್ಯರ ಕಥೆ

ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವಾಕರ್ಷಣೆ ಕಂಡುಹಿಡಿದವರು ಭಾಸ್ಕರಾಚಾರ್ಯರು ಅನ್ನೋ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಚಿಕ್ಕಪ್ಪನೋ ದೊಡ್ಡಮ್ಮನೋ ಕಳಿಸಿರುತ್ತಾರೆ, ಕೆಳಗೆ ಹತ್ತು ಕೈಮುಗಿಯೋ ಇಮೋಜಿ. ಅರ್ಧ ಜನ ಅದನ್ನು ಪೂರ್ತಿ ನಂಬ್ತಾರೆ, ಇನ್ನರ್ಧ ಜನ ನಕ್ಕು ಡಿಲೀಟ್ ಮಾಡ್ತಾರೆ. ಈ ಗಲಾಟೆಯಲ್ಲಿ ಆ ಮನುಷ್ಯ ನಿಜವಾಗಿ ಏನು ಮಾಡಿದರು ಅನ್ನೋದನ್ನು ಮಾತ್ರ ಯಾರೂ ಕೇಳೋದಿಲ್ಲ.

ಅವರು ಹುಟ್ಟಿದ್ದು ಶಕ ವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114. ಇದನ್ನು ಅವರೇ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಊರು ವಿಜ್ಜಡವಿಡ, ಸಹ್ಯಾದ್ರಿಯ ಹತ್ತಿರ. ಇದು ನಮ್ಮ ವಿಜಯಪುರವೇ ಅಂತ ಬಹಳ ಜನ ಹೇಳ್ತಾರೆ. ಹಾಗೇ ಆಗಿರಲಿ ಅಂತ ನನಗೂ ಆಸೆ. ಆದರೆ ವಿಜಯಪುರದಿಂದ ಸಹ್ಯಾದ್ರಿ ಅಷ್ಟೇನೂ ಹತ್ತಿರ ಇಲ್ಲ. ಜೊತೆಗೆ ಅವರ ವಂಶದ ಶಾಸನ ಸಿಕ್ಕಿರೋದು ಮಹಾರಾಷ್ಟ್ರದ ಖಾನ್ದೇಶದಲ್ಲಿ, ಚಾಳೀಸ್‌ಗಾಂವ್ ಹತ್ತಿರದ ಪಾಟಣ ಅನ್ನೋ ಹಳ್ಳಿಯಲ್ಲಿ. ಹಾಗಾಗಿ ಈ ವಾದ ಇನ್ನೂ ಮುಗಿದಿಲ್ಲ.

ಮನೆಯಲ್ಲೇ ಮೇಷ್ಟ್ರಿದ್ದರು. ತಂದೆ ಮಹೇಶ್ವರರು ಜ್ಯೋತಿಷ ಮತ್ತು ಗಣಿತ ಬಲ್ಲವರು, ಮಗನಿಗೆ ಪಾಠ ಹೇಳಿಕೊಟ್ಟವರೂ ಅವರೇ. 36ನೇ ವಯಸ್ಸಿಗೆ, 1150ರಲ್ಲಿ, ಭಾಸ್ಕರರು 'ಸಿದ್ಧಾಂತ ಶಿರೋಮಣಿ' ಬರೆದು ಮುಗಿಸಿದರು. ಅದರಲ್ಲಿ ನಾಲ್ಕು ಭಾಗ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಪೂರ್ತಿ ಪದ್ಯದಲ್ಲಿ! ನಮಗೆ ಒಂದು ಲ್ಯಾಬ್ ರೆಕಾರ್ಡ್ ಗದ್ಯದಲ್ಲಿ ಬರೆಯೋದೇ ಕಷ್ಟ.

ಲೀಲಾವತಿ ಅವರ ಮಗಳು, ಮುಹೂರ್ತ ನೋಡೋ ಗಳಿಗೆ ಬಟ್ಟಲಿಗೆ ಅವಳ ಮುತ್ತು ಬಿದ್ದು ಮದುವೆ ತಪ್ಪಿಹೋಯ್ತು, ಅವಳ ದುಃಖ ಮರೆಸಲು ಅಪ್ಪ ಪುಸ್ತಕ ಬರೆದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಈ ಕಥೆ ಬರೋದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದಲ್ಲಿ, ಅಂದರೆ 400ಕ್ಕೂ ಹೆಚ್ಚು ವರ್ಷ ಆದಮೇಲೆ. ಚೆಂದದ ಕಥೆ, ಅಷ್ಟೇ. ಪುಸ್ತಕದ ಒಳಗಿನ ಲೆಕ್ಕಗಳು ಮಾತ್ರ ಅದಕ್ಕಿಂತ ಚೆಂದ. 9 ಮೊಳದ ಕಂಬದ ಮೇಲೆ ನವಿಲು, ಕಂಬದ ಬುಡದಲ್ಲಿ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲದ ಕಡೆ ಬರ್ತಿದೆ. ನವಿಲು ಓರೆಯಾಗಿ ಎರಗುತ್ತೆ, ಇಬ್ಬರೂ ಕ್ರಮಿಸೋ ದೂರ ಸಮ. ಬಿಲದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿಬೀಳುತ್ತೆ? ಲಂಬಕೋನ ತ್ರಿಭುಜ ಹಾಕಿದರೆ ಉತ್ತರ 12 ಮೊಳ. ಮಾಡಿ ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಂದು ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ಪೂರ್ಣವರ್ಗ ಬರಬೇಕು. ಆ ಸಂಖ್ಯೆ ಯಾವುದು? ನೋಡೋಕೆ ಸುಲಭ. ಆದರೆ ಸೊನ್ನೆ ಬಿಟ್ಟರೆ ಅತಿ ಚಿಕ್ಕ ಉತ್ತರವೇ 22,61,53,980. ಒಂದೊಂದೇ ಸಂಖ್ಯೆ ಹಾಕಿ ನೋಡ್ತಾ ಕೂತರೆ ಜನ್ಮ ಸಾಲದು. ಭಾಸ್ಕರರು ಬಳಸಿದ ದಾರಿಯ ಹೆಸರು ಚಕ್ರವಾಲ, ಹೆಸರಲ್ಲೇ ಚಕ್ರ ಇದೆ. ಮೊದಲು ಒಂದು ಅಂದಾಜು: 8ರ ವರ್ಗ 64, ಅದು 1ರ ವರ್ಗದ 61 ಪಟ್ಟಿಗಿಂತ 3 ಜಾಸ್ತಿ. ನಮಗೆ ಬೇಕಿದ್ದದ್ದು 1 ಮಾತ್ರ. ಆ 3ನ್ನು ಬಿಸಾಡದೆ ಮುಂದಿನ ಸುತ್ತಿಗೆ ಅದನ್ನೇ ಇನ್‌ಪುಟ್ ಮಾಡ್ತಾರೆ. ಒಂದು ಸುತ್ತಿಗೆ 39 ಮತ್ತು 5 ಸಿಗುತ್ತೆ: 39ರ ವರ್ಗ 1521, 5ರ ವರ್ಗದ 61 ಪಟ್ಟು 1525. ವ್ಯತ್ಯಾಸ ಮೈನಸ್ 4. ಇಲ್ಲಿಗೆ ಬಂದರೆ ಬ್ರಹ್ಮಗುಪ್ತರು 628ರಲ್ಲೇ ಕೊಟ್ಟಿದ್ದ ಶಾರ್ಟ್‌ಕಟ್ ಇದೆ, ನೇರ ಉತ್ತರಕ್ಕೆ. ಕಂಪ್ಯೂಟರ್ ಸೈನ್ಸ್‌ನವರು ಇದನ್ನು ಲೂಪ್ ಅಂತ ತಕ್ಷಣ ಗುರುತಿಸ್ತಾರೆ.

1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ರ ಲೆಕ್ಕವನ್ನು ಬೇರೆ ಗಣಿತಜ್ಞರಿಗೆ ಸವಾಲಾಗಿ ಕಳಿಸಿದ. ಭಾರತದಲ್ಲಿ ಇದು 500 ವರ್ಷದ ಹಳೇ ಲೆಕ್ಕ ಅಂತ ಅವನಿಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನ ಬ್ರೌಂಕರ್ ಒಂದು ವಿಧಾನ ಕಂಡುಕೊಂಡ, ಆಯ್ಲರ್ ತಪ್ಪಾಗಿ ಪೆಲ್ ಅನ್ನೋನ ಹೆಸರಿಟ್ಟ, ಆ ಹೆಸರೇ ಇವತ್ತಿಗೂ ಟೆಕ್ಸ್ಟ್‌ಬುಕ್ಕಲ್ಲಿದೆ. ಇಂಥ ಸಮೀಕರಣಕ್ಕೆ ಯಾವಾಗಲೂ ಉತ್ತರ ಸಿಕ್ಕೇ ಸಿಗುತ್ತೆ ಅಂತ ಸಾಧಿಸಿ ತೋರಿಸಿದ್ದು ಲಗ್ರಾಂಜ್, 18ನೇ ಶತಮಾನದಲ್ಲಿ. ಆ ಸಾಧನೆ ಭಾಸ್ಕರರಲ್ಲಿ ಇಲ್ಲ, ಅದನ್ನೂ ಹೇಳಬೇಕು. ಚಕ್ರವಾಲ ಕೂಡ ಅವರೊಬ್ಬರದೇ ಅಲ್ಲ. ಜಯದೇವ ಅನ್ನೋ ಗಣಿತಜ್ಞರಿಗೆ ಅವರಿಗಿಂತ ಮೊದಲೇ ಅದು ಗೊತ್ತಿತ್ತು.

ಗ್ರಹಗಣಿತದಲ್ಲಿ ಇನ್ನೊಂದು ವಿಷಯ ಇದೆ. ಗ್ರಹದ ವೇಗ ದಿನವಿಡೀ ಒಂದೇ ಇರೋಲ್ಲ, ಹಾಗಾಗಿ ಆ ಕ್ಷಣದ ವೇಗ ಬೇಕು. ಅದಕ್ಕೆ ಅವರು ತಾತ್ಕಾಲಿಕ ಗತಿ ಅಂದರು. ಸೈನ್ ಎಷ್ಟು ಬದಲಾಗುತ್ತೆ ಅನ್ನೋದು ಕೊಸೈನ್ ಮೇಲೆ ನಿಂತಿದೆ ಅಂತ ತಿಳಿದು ಅದನ್ನು ಲೆಕ್ಕಕ್ಕೆ ಬಳಸಿದರು. ನಾವು ಫಸ್ಟ್ ಸೆಮ್‌ನಲ್ಲಿ ಕಣ್ಣು ಮುಚ್ಚಿ ಬರೆಯೋ ಡಿಫರೆನ್ಶಿಯೇಷನ್ನಿನ ಬೀಜ ಇಲ್ಲಿದೆ. ಪೂರ್ತಿ ಕ್ಯಾಲ್ಕುಲಸ್ ಇಲ್ಲ, ಲಿಮಿಟ್ ಅನ್ನೋ ಕಲ್ಪನೆಯೂ ಇಲ್ಲ.

ಇನ್ನು ಆ ಫಾರ್ವರ್ಡ್ ವಿಷಯ. ಭೂಮಿಗೆ ಎಳೆಯೋ ಶಕ್ತಿ ಇದೆ, ಭಾರದ ವಸ್ತುಗಳನ್ನು ತನ್ನ ಕಡೆ ಎಳೆಯುತ್ತೆ, ಅದು ನಮಗೆ ಬೀಳೋ ಹಾಗೆ ಕಾಣುತ್ತೆ ಅಂತ ಗೋಲಾಧ್ಯಾಯದಲ್ಲಿ ನಿಜವಾಗಿಯೂ ಇದೆ. ಸುತ್ತ ಆಕಾಶ ಸಮವಾಗಿರುವಾಗ ಭೂಮಿ ತಾನೇ ಎಲ್ಲಿಗೆ ಬೀಳಬೇಕು ಅಂತಲೂ ಕೇಳ್ತಾರೆ. ಎಂಥ ಪ್ರಶ್ನೆ! ಆದರೆ 1687ರಲ್ಲಿ ನ್ಯೂಟನ್ ಕೊಟ್ಟಿದ್ದು ಬೇರೆ: ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದು ಭಾಗ ಅನ್ನೋ ಲೆಕ್ಕ, ಚಂದ್ರನಿಗೂ ಬೀಳೋ ಕಲ್ಲಿಗೂ ಒಂದೇ ನಿಯಮ. ಇವೆರಡನ್ನೂ ಒಂದೇ ಅನ್ನೋದು ಇಬ್ಬರಿಗೂ ಮಾಡೋ ಅನ್ಯಾಯ. 61ರ ಲೆಕ್ಕದಂಥದ್ದು ಕೈಯಲ್ಲಿರುವಾಗ ಇನ್ನೊಬ್ಬರ ಕಿರೀಟ ಯಾಕೆ ಬೇಕು?

ಅದೇ ಗೋಲಾಧ್ಯಾಯದಲ್ಲಿ ಫಾರ್ವರ್ಡ್ ಆಗದ ಒಂದು ಯಂತ್ರವೂ ಇದೆ. ಚಕ್ರದ ಟೊಳ್ಳು ಅರಗಳಲ್ಲಿ ಅರ್ಧ ಪಾದರಸ ತುಂಬಿ ಮುಚ್ಚಿದರೆ ಅದು ತಾನಾಗೇ ತಿರುಗುತ್ತಾ ಇರುತ್ತಂತೆ. ಮೆಕ್ಯಾನಿಕಲ್‌ನವರು ನಗ್ತಿದ್ದೀರಿ, ಗೊತ್ತು. ತಿರುಗೋಲ್ಲ, ಥರ್ಮೋಡೈನಾಮಿಕ್ಸ್ ಬಿಡೋಲ್ಲ. ಆದರೆ ಯುರೋಪಿನಲ್ಲೂ ಇಂಥ ಚಕ್ರದ ಕನಸು ಶತಮಾನಗಟ್ಟಲೆ ನಡೀತು. ನನಗಂತೂ ಈ ಚಕ್ರ ಓದಿದ ಮೇಲೆ ಭಾಸ್ಕರರು ಇನ್ನೂ ಹತ್ತಿರದವರು ಅನ್ನಿಸಿದರು.

69ನೇ ವಯಸ್ಸಿನಲ್ಲಿ, 1183ರಲ್ಲಿ, 'ಕರಣಕುತೂಹಲ' ಬರೆದರು. ಪಂಚಾಂಗದ ಲೆಕ್ಕಗಳನ್ನು ಸುಲಭ ಮಾಡೋ ಪುಸ್ತಕ. ಮಗ ಲಕ್ಷ್ಮೀಧರ ಯಾದವ ರಾಜ ಜೈತ್ರಪಾಲನ ಆಸ್ಥಾನ ಸೇರಿದ, ಮೊಮ್ಮಗ ಚಂಗದೇವ ಸಿಂಘಣನ ಆಸ್ಥಾನ ಜ್ಯೋತಿಷಿಯಾದ. ತಾತನ ಗ್ರಂಥಗಳನ್ನು ಓದಿಸೋಕೆ ಅಂತಲೇ ಚಂಗದೇವ ಪಾಟಣದಲ್ಲಿ ಒಂದು ಮಠ ಕಟ್ಟಿಸಿದ, ಅದಕ್ಕೆ 1207ರಲ್ಲಿ ದತ್ತಿ ಸಿಕ್ಕಿತು. ಈ ವಿವರ ಇರೋ ಶಾಸನವನ್ನು 19ನೇ ಶತಮಾನದಲ್ಲಿ ಪತ್ತೆ ಮಾಡಿದ್ದು ಮುಂಬೈನ ಡಾಕ್ಟರ್ ಭಾವೂ ದಾಜಿ. ಆ ಕಲ್ಲಿನಲ್ಲಿ ದಾನ ಕೊಟ್ಟವರ ಪಟ್ಟಿಯ ಜೊತೆಗೆ ಒಂದು ಸಿಲಬಸ್ಸೂ ಇದೆ ಅನ್ನಬಹುದು: ಇಲ್ಲಿ ಓದಬೇಕಾದ್ದು ಸಿದ್ಧಾಂತ ಶಿರೋಮಣಿ ಮತ್ತು ಭಾಸ್ಕರರ ಇತರ ಗ್ರಂಥಗಳು.